ಎತ್ತರ ಅಷ್ಟೇ ಇತ್ತು, ಸಮಯ ಮಾತ್ರ ಜಾಸ್ತಿಯಾಗಿತ್ತು

ಹಗಲು ಕಿನಿಸಿಯಾಲಜಿ, ಅಂದರೆ ದೇಹದ ಚಲನೆಯ ವಿಜ್ಞಾನದ ಪಾಠ, ಸಂಜೆ ಜಿಮ್‌ನಲ್ಲಿ ಕ್ರೀಡಾಪಟುಗಳ ಶಕ್ತಿ ತರಬೇತಿ. ಇದು ನನ್ನ ಕೆಲಸ. ಶುರುವಿನಲ್ಲಿ ಕಂಡದ್ದನ್ನೆಲ್ಲ ಅಳೆಯುತ್ತಿದ್ದೆ. ನಿದ್ದೆ, ತೂಕ, ಬೆಳಗಿನ ನಾಡಿ, ಮೈಕೈ ನೋವು, ಬಾರ್ ಎತ್ತುವ ವೇಗ, ಎಲ್ಲ. ಒಂದು ದಿನ ಒಬ್ಬ ಹುಡುಗಿ ಕೇಳಿಯೇಬಿಟ್ಟಳು: "ಸರ್, ದಿನಾ ಇದನ್ನ ತುಂಬುತ್ತೀವಲ್ಲ, ನೀವು ಓದ್ತೀರಾ?" ಓದುತ್ತಿದ್ದೆ. ಆದರೆ ಓದಿ ಒಂದು ಸೆಟ್ ಕೂಡ ಬದಲಿಸಿರಲಿಲ್ಲ.

ಆಮೇಲೆ ಎರಡನ್ನೇ ಉಳಿಸಿಕೊಂಡೆ.

ಒಂದು, ಅಮೆರಿಕದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫೋಸ್ಟರ್ ಬಳಕೆಗೆ ತಂದ ಸರಳ ಲೆಕ್ಕ. ಇವತ್ತಿನ ಅಭ್ಯಾಸ ಎಷ್ಟು ಕಷ್ಟವಾಯಿತು ಅಂತ 0ಯಿಂದ 10ರ ಒಳಗೆ ಒಂದು ಅಂಕೆ ಹೇಳಬೇಕು. ಅದನ್ನು ನಿಮಿಷಗಳಿಂದ ಗುಣಿಸಬೇಕು. 60 ನಿಮಿಷಕ್ಕೆ 7 ಅಂದರೆ 420. ಮುಗಿದ ತಕ್ಷಣ ಕೇಳುವುದಿಲ್ಲ, ಸುಮಾರು ಅರ್ಧ ಗಂಟೆ ಬಿಡುತ್ತೇನೆ. ಕೊನೆಯ ಸೆಟ್ ಸುಸ್ತು ಮಾಡಿದ್ದರೆ ಇಡೀ ಸಂಜೆಯೇ ಕಷ್ಟ ಅನ್ನಿಸಿಬಿಡುತ್ತದೆ. ಒಬ್ಬೊಬ್ಬರನ್ನೇ ಕೇಳುತ್ತೇನೆ. ಗುಂಪಿನಲ್ಲಿ ಮೊದಲನೆಯವನು 6 ಅಂದರೆ ಎಲ್ಲರೂ 6!

ಇನ್ನೊಂದು, ದಣಿವು ಗೊತ್ತಾಗಲಿ ಅಂತ ನಿಂತಲ್ಲೇ ಕುಗ್ಗಿ ಮೇಲಕ್ಕೆ ಜಿಗಿಯುವುದು. ಕೈ ಸೊಂಟದ ಮೇಲೆ, ಮೂರು ಜಿಗಿತ, ಸರಾಸರಿ. ಮೊದಲು ನನ್ನ ಹತ್ತಿರ ಇದ್ದದ್ದು ಜಿಗಿತ ಅಳೆಯುವ ಮ್ಯಾಟ್. ಅದು ಎತ್ತರ ಅಳೆಯುವುದಿಲ್ಲ, ಗಾಳಿಯಲ್ಲಿದ್ದ ಸಮಯದಿಂದ ಲೆಕ್ಕ ಹಾಕುತ್ತದೆ. 0.50 ಸೆಕೆಂಡಿಗೆ ಸುಮಾರು 30.7 ಸೆಂಟಿಮೀಟರ್. ಇಳಿಯುವಾಗ ಮಂಡಿ ಮಡಚಿಕೊಂಡು 0.52 ಮಾಡಿದರೆ 33ರ ಮೇಲೆ ಹೋಗುತ್ತದೆ. ಎರಡೂವರೆ ಸೆಂಟಿಮೀಟರ್ ಪುಕ್ಕಟೆ. ಹುಡುಗರು ಇದನ್ನು ನನಗಿಂತ ಮೊದಲೇ ಕಂಡುಹಿಡಿದಿದ್ದರು.

ಯಾರ ಅಂಕೆಯನ್ನೂ ಇನ್ನೊಬ್ಬರದಕ್ಕೆ ಹೋಲಿಸುವುದಿಲ್ಲ. ಚೆನ್ನಾಗಿ ವಿಶ್ರಾಂತಿ ಪಡೆದ ಕೆಲವು ದಿನಗಳಲ್ಲಿ ಜಿಗಿಸಿ, ಅವರವರ ಅಂಕೆ ಸುಮ್ಸುಮ್ನೆ ಎಷ್ಟು ಏರಿಳಿಯುತ್ತದೆ ಅಂತ ನೋಡಿಟ್ಟುಕೊಳ್ಳುತ್ತೇನೆ. ಅದರೊಳಗಿನ ಬದಲಾವಣೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಾಲು ನೆಲವನ್ನು ತಳ್ಳುವ ಬಲ ಅಳೆಯುವ ಫೋರ್ಸ್ ಪ್ಲೇಟ್ ಬಂದ ಮೇಲೆ ಒಬ್ಬ ಜಿಗಿತಗಾರನ ವಿಷಯದಲ್ಲಿ ನನ್ನ ತಪ್ಪು ಗೊತ್ತಾಯಿತು. ಅವನ ಎತ್ತರ ವಾರಗಟ್ಟಲೆ 35 ಸೆಂಟಿಮೀಟರ್. ನಾನು ನೆಮ್ಮದಿಯಾಗಿದ್ದೆ. ಆದರೆ ಕುಗ್ಗಲು ಶುರು ಮಾಡಿ ನೆಲ ಬಿಡುವವರೆಗಿನ ಸಮಯ 0.70 ಸೆಕೆಂಡಿನಿಂದ 0.85ಕ್ಕೆ ಹೋಗಿತ್ತು. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಆ ಸಮಯದಿಂದ ಭಾಗಿಸಿದರೆ 0.50 ಇದ್ದದ್ದು 0.41. ದಣಿದ ದೇಹ ಇನ್ನೂ ಆಳಕ್ಕೆ ಕುಗ್ಗಿ, ನಿಧಾನವಾಗಿ ತಳ್ಳಿ, ಅದೇ ಎತ್ತರ ಮುಟ್ಟುತ್ತಿತ್ತು. ಓಡಿಬಂದು ನೆಲ ಒದ್ದು ಹಾರುವವನಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ, ಅಲ್ವಾ?

ಬಾರ್ ಮೇಲಿನ ತೂಕ ಹಾಗೇ ಇಟ್ಟು, ಸ್ಕ್ವಾಟ್ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿದೆ. ಆಮೇಲೆ ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಬೆಳಗ್ಗೆ ಬೇಗ ಎದ್ದು, ಯಾರಿಗೂ ಹೇಳದೆ, ಒಬ್ಬನೇ ಜಿಗಿತ ಅಭ್ಯಾಸ ಮಾಡುತ್ತಿದ್ದನಂತೆ. ನನ್ನ 420ರ ಲೆಕ್ಕದಲ್ಲಿ ಅದು ಎಲ್ಲೂ ಇರಲಿಲ್ಲ. ಈಗ ಹಾಳೆಯಲ್ಲಿ ಒಂದು ಸಾಲು ಜಾಸ್ತಿ ಇದೆ: "ಇದಲ್ಲದೆ ಬೇರೆ ಏನು ಮಾಡಿದಿರಿ?"