ತಂಗಡಿ ಬೆಳೆಸಿದ್ದು: ಎರಡು ಸಲ ಕೆಟ್ಟು, ಮೂರನೇ ಸಲಕ್ಕೆ ಗೆದ್ದೆ

ಚಳ್ಳಕೆರೆಯಲ್ಲಿ ಮನೆ ಕಟ್ಟಿಸಿದಾಗ ಮುಂದೆ ಸ್ವಲ್ಪ ಜಾಗ ಉಳಿಯಿತು. ಹುಲ್ಲುಹಾಸು ಹಾಕಿಸಿದೆ, ಗುಲಾಬಿ ನೆಟ್ಟೆ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಬೀಳುವ ಊರಲ್ಲಿ ಅದೆಲ್ಲ ಆಗೋ ಮಾತಾ? ಬೋರ್‌ವೆಲ್ ಕೈಕೊಟ್ಟ ಬೇಸಿಗೆಯಲ್ಲಿ ಎಲ್ಲ ಒಣಗಿತು. ಹಿರಿಯೂರು ರಸ್ತೆ ಪಕ್ಕದ ತಂಗಡಿ ಮಾತ್ರ ಹಸಿರಾಗಿತ್ತು, ತುದಿಯಲ್ಲಿ ಹಳದಿ ಹೂ ಬೇರೆ. ಕೆಲವರು ಇದನ್ನೇ ಆವರಿಕೆ ಅಂತಾರೆ. ದೀಪಾವಳಿಗೆ ಅಮ್ಮ ಸಗಣಿ ಉಂಡೆಗೆ ಸಿಗಿಸುತ್ತಿದ್ದ ಹೂ. ತೆಲಂಗಾಣದವರು ರಾಜ್ಯದ ಹೂ ಮಾಡಿಕೊಂಡಿದ್ದಾರೆ, ನಮಗೆ ಬರೀ ಬೇಲಿ ಸಾಲಿನ ಗಿಡ.

ಎರಡು ಗಿಡ ಅಗೆದು ತಂದೆ. ತಾಯಿಬೇರು ಆಳಕ್ಕೆ ಇಳಿದಿತ್ತು, ಅರ್ಧಕ್ಕೇ ತುಂಡಾಯಿತು. ವಾರದಲ್ಲಿ ಎರಡೂ ಸತ್ತವು.

ಆಮೇಲೆ ಒಣಗಿದ ಕಾಯಿ ಬಿಡಿಸಿ ಇಪ್ಪತ್ತು ಬೀಜ ಹಾಕಿದೆ. ಮೊಳೆತದ್ದು ಎರಡೇ. ಸಿಪ್ಪೆ ಅಷ್ಟು ಗಟ್ಟಿ, ನೀರು ಒಳಗೆ ಇಳಿಯೋದೇ ಇಲ್ಲ. ಆ ಎರಡಕ್ಕೂ ಪ್ರೀತಿಯಿಂದ ದಿನಾ ನೀರು ಹಾಕಿದೆ. ಬುಡ ಕೊಳೆಯಿತು.

ಮೂರನೇ ಸಲ ಕುದಿಸಿ ಇಳಿಸಿದ ನೀರು ಸ್ವಲ್ಪ ಆರಿದ ಮೇಲೆ ಬೀಜ ಹಾಕಿ, ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಉಬ್ಬಿದವನ್ನು ಆರಿಸಿಕೊಂಡೆ. ಉಬ್ಬದವನ್ನು ಒರಟು ಕಲ್ಲಿಗೆ ಉಜ್ಜಿ ಮತ್ತೆ ನೆನೆಸಿದೆ. ಜೂನ್ ಮಳೆ ಬಿದ್ದ ಮೇಲೆ ಗರಸು ಮಣ್ಣಿನ ಎತ್ತರದ ಜಾಗದಲ್ಲಿ ನೇರವಾಗಿ ಊರಿದೆ. ಕುಂಡದ ಗೊಡವೆಯೇ ಬೇಡ ಅಂದುಕೊಂಡೆ. ಮೊದಲ ಬೇಸಿಗೆಯಲ್ಲಿ ಹತ್ತು ದಿನಕ್ಕೊಂದು ಕೊಡ, ಅಷ್ಟೇ. ಗೊಬ್ಬರ ಹಾಕಲಿಲ್ಲ. ಈಗ ಐದು ಗಿಡ ಎದೆಯೆತ್ತರ ಇವೆ. ಹೂ ಮುಗಿದ ಮೇಲೆ ಅರ್ಧಕ್ಕೆ ಸವರುತ್ತೇನೆ, ಇಲ್ಲದಿದ್ದರೆ ಬುಡ ಬೋಳಾಗುತ್ತೆ.

ಬೆಳಗ್ಗೆ ಕಾಫಿ ಹಿಡಿದು ಪಕ್ಕದಲ್ಲಿ ನಿಲ್ಲೋದು ನನ್ನ ಚಟ. ಈ ಹೂವಿನಲ್ಲಿ ಜೇನಿಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನಿಂದ ಬರಬೇಕು. ಕಪ್ಪು ದುಂಬಿ ಹೂವನ್ನು ತಬ್ಬಿ ಹಿಡಿದು ಗುಂಯ್ ಅಂತ ಮೈ ನಡುಗಿಸುತ್ತೆ, ಆಗ ಪುಡಿ ಉದುರುತ್ತೆ. ಹಾರುವಾಗಿನ ಸದ್ದೇ ಬೇರೆ, ಇದೇ ಬೇರೆ.

ಮಳೆಗಾಲದಲ್ಲಿ ಹಸಿರು ಹುಳ ಎಲೆ ತಿಂದು ಜಾಲರಿ ಮಾಡುತ್ತವೆ. 'ಔಷಧಿ ಹೊಡೀರಿ ಸಾರ್' ಅಂದರು ಪಕ್ಕದ ಮನೆಯವರು. ಹೊಡೆಯಲಿಲ್ಲ. ಆ ಹುಳಗಳೇ ಹಳದಿ ಚಿಟ್ಟೆ ಆಗೋದು, ಗಿಡವೂ ತಿಂಗಳೊಳಗೆ ಚಿಗುರುತ್ತೆ. ಹೋದ ದೀಪಾವಳಿ ಬೆಳಗ್ಗೆ ಅವರೇ ಬಂದು ಒಂದು ಹಿಡಿ ಹೂ ಕಿತ್ತುಕೊಂಡು ಹೋದರು.