ಮಗುವಿನ ಹುಟ್ಟು ಗುರುತಿನ ಫೋಟೊ ದಾಖಲೆ ಇಡುವುದು ಹೇಗೆ?

ಕೆಲವು ಮಕ್ಕಳ ಮೈಮೇಲೆ ಹುಟ್ಟುವಾಗಲೇ ಅಪರೂಪದ ಗುರುತು ಇರುತ್ತದೆ. ನೆತ್ತಿಯಲ್ಲಿ ಕೂದಲಿಲ್ಲದ ಹಳದಿ ಪಟ್ಟೆ, ಸೊಂಟದ ಮೇಲೆ ನವಿರು ಕೂದಲಿನ ಒರಟು ಜಾಗ, ಒಂದು ಕೆಂಪು ಗಂಟು. ಇವುಗಳಲ್ಲಿ ಹೆಚ್ಚಿನವು ನಿರಪಾಯ. ಆದರೂ ಹುಟ್ಟಿದಾಗ ಹೇಗಿತ್ತು ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ರಕ್ತನಾಳಗಳಿಂದಾದ ಈ ಕೆಂಪು ಗಂಟನ್ನೇ ನೋಡಿ. ಹುಟ್ಟುವಾಗಲೇ ಪೂರ್ತಿ ಬೆಳೆದಿರುವುದು ಒಂದು ಬಗೆ, ಕೆಲವು ವಾರ ಕಳೆದು ಕಾಣಿಸಿಕೊಂಡು ಬೆಳೆಯುವುದು ಇನ್ನೊಂದು ಬಗೆ. ಎರಡರ ಚಿಕಿತ್ಸೆಯೂ ಬೇರೆ. ಇಲ್ಲಿ ಮೊದಲ ದಿನಗಳ ಫೋಟೊ ತುಂಬಾ ಕೆಲಸಕ್ಕೆ ಬರುತ್ತದೆ. ಆದರೆ ಅಪ್ಪ-ಅಮ್ಮಂದಿರು ತರುವ ಫೋಟೊ ಹೆಚ್ಚಾಗಿ ಮಸುಕಾಗಿರುತ್ತದೆ.

ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ.

ಆಮೇಲೆ ಫೋಟೊ. ಮಗು ಮಲಗಿರುವಾಗ, ಹಗಲಲ್ಲಿ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ನೇರ ಬಿಸಿಲು ಬೇಡ. ಫ್ಲಾಶ್ ಹಾಕಲೇಬೇಡಿ, ಬಣ್ಣವೂ ಉಬ್ಬೂ ಎರಡೂ ಅಳಿಸಿಹೋಗುತ್ತವೆ. ಬ್ಯೂಟಿ ಮೋಡ್ ಆಫ್ ಇದೆಯಾ ನೋಡಿಕೊಳ್ಳಿ. ಅದು ಚರ್ಮವನ್ನು ನುಣುಪು ಮಾಡಿಬಿಡುತ್ತದೆ, ನಮಗೆ ಬೇಕಿರುವುದು ಆ ಒರಟೇ ಅಲ್ವಾ? ಗುರುತಿನ ಪಕ್ಕ ಮಿಲಿಮೀಟರ್ ಪಟ್ಟಿ ಇಡಿ. ಪಟ್ಟಿಯೂ ಚರ್ಮವೂ ಒಂದೇ ಮಟ್ಟದಲ್ಲಿರಬೇಕು. ಒಂದು ಬಿಳಿ ಕಾಗದವನ್ನೂ ಇಟ್ಟರೆ ಬಣ್ಣ ಹೋಲಿಸುವುದು ಸುಲಭ. ಫೋನನ್ನು ಗುರುತಿಗೆ ತೀರಾ ಹತ್ತಿರ ತರಬೇಡಿ, ಆಕಾರ ಸೊಟ್ಟಗಾಗುತ್ತದೆ. ಒಂದಡಿ ದೂರದಿಂದ ನೇರವಾಗಿ ಹಿಡಿದು, ಸ್ವಲ್ಪ ಜೂಮ್ ಮಾಡಿ, ಫೋನಿನ ಪರದೆಯಲ್ಲಿ ಗುರುತಿನ ಮೇಲೆಯೇ ಬೆರಳಿಟ್ಟು ಫೋಕಸ್ ಮಾಡಿ. ದೂರದಿಂದ ಇನ್ನೊಂದು ಬೇಕೇಬೇಕು, ಇಲ್ಲದಿದ್ದರೆ ಅದು ಮೈಯ ಯಾವ ಭಾಗ ಎಂದೇ ತಿಳಿಯುವುದಿಲ್ಲ. ಮುಂದಿನ ಸಲವೂ ಕೈಕಾಲು ಅದೇ ಭಂಗಿಯಲ್ಲಿರಲಿ. ಚರ್ಮ ಎಳೆದುಕೊಂಡರೆ ಗುರುತು ದೊಡ್ಡದಾದಂತೆ ಕಾಣುತ್ತದೆ.

ಉದ್ದ, ಅಗಲ, ತಾರೀಖು ಬರೆದಿಡಿ. ಮಗು ಬೆಳೆದಂತೆ ಗುರುತೂ ಬೆಳೆಯುತ್ತದೆ, ಅದಕ್ಕೆ ಹೆದರಬೇಡಿ. ಅದರ ಜೊತೆ ಮಗುವಿನ ಅಂಗೈ ಅಗಲವನ್ನೂ ಬರೆದರೆ ಹೋಲಿಕೆ ಸರಿಯಾಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಸಾಕು. ದಿನಾ ನೋಡಿದರೆ ಸುಮ್ನೆ ಗಾಬರಿ ಜಾಸ್ತಿ.

ಕಲೆ ಹೋಗಿಸುವ ಕ್ರೀಮು ಹಚ್ಚಲೇಬೇಡಿ. ಮಚ್ಚೆ ಉದುರಿಸುವ ದ್ರಾವಣಗಳಂತೂ ಎಳೆ ಚರ್ಮವನ್ನು ಸುಟ್ಟುಬಿಡುತ್ತವೆ. ಕಿವಿಯ ಮುಂದಿನ ಪುಟ್ಟ ಮಾಂಸದ ಚೂರಿಗೆ ದಾರ ಕಟ್ಟಿ ಉದುರಿಸುವ ಅಡ್ಡದಾರಿಯೂ ಬೇಡ, ಅದರೊಳಗೆ ಮೃದ್ವಸ್ಥಿ (ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು) ಇರಬಹುದು. ಮೂಗಿನ ನಡುವಿನ ಗಂಟನ್ನು ಹಿಚುಕಲೇಬಾರದು. ಕೆಲವೊಮ್ಮೆ ಅದು ತಲೆಬುರುಡೆಯ ಒಳಗಿನವರೆಗೂ ಹೋಗಿರುತ್ತದೆ.

ಹುಣ್ಣಾದರೆ, ರಕ್ತ ಬಂದರೆ, ಬೇಗ ಬೇಗ ಬೆಳೆದರೆ ಕಾಯಬೇಡಿ. ಕಣ್ಣಿನ ಹತ್ತಿರವಿದ್ದರೂ ಅಷ್ಟೇ. ಸೊಂಟದ ನಡುಮಧ್ಯೆ, ಬೆನ್ನುಮೂಳೆಯ ಮೇಲೆಯೇ ಗುರುತಿದ್ದರೆ ಬೆನ್ನುಹುರಿಯ ಸ್ಕ್ಯಾನ್ ಬೇಕಾ ಎಂದು ಮೊದಲ ಭೇಟಿಯಲ್ಲೇ ಕೇಳಿ. ಮೊದಲ ಮೂರ್ನಾಲ್ಕು ತಿಂಗಳು ಮೂಳೆ ಇನ್ನೂ ಮೆತ್ತಗಿರುವುದರಿಂದ ಅಲ್ಟ್ರಾಸೌಂಡಿನಲ್ಲೇ ನೋಡಬಹುದು. ತಡವಾದರೆ ಎಂಆರ್‌ಐ ಬೇಕಾಗುತ್ತದೆ.

ನೆತ್ತಿಯ ಹಳದಿ ಪಟ್ಟೆ ಹರೆಯ ಬಂದಾಗ ದಪ್ಪಗಾಗುತ್ತದೆ. ಆದ್ದರಿಂದ ಈ ಫೋಟೊಗಳನ್ನು ಫೋನಿನಲ್ಲಿ ಮಾತ್ರ ಇಡದೆ ಪ್ರಿಂಟ್ ಹಾಕಿಸಿ, ಲಸಿಕೆ ಪುಸ್ತಕದ ಜೊತೆ ಇಟ್ಟುಬಿಡಿ.