ಸಂಘದ ಹಳೆಯ ಫೋಟೋಗಳಿಗೆ ಕ್ಲೌಡ್ ಖಾತೆ ತೆರೆದದ್ದು

ಕ್ಲೌಡ್ ಖಾತೆ ತೆರೆಯಬೇಕಾದರೆ ಪ್ರೋಗ್ರಾಮಿಂಗ್ ಬರಬೇಕು ಅಂತ ತುಂಬಾ ಜನ ಹಿಂಜರಿಯುತ್ತಾರೆ. ಕ್ಲೌಡ್ ಅಂದರೆ ದೊಡ್ಡ ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಇಂಟರ್‌ನೆಟ್ ಮೂಲಕ ಬಾಡಿಗೆಗೆ ಸಿಗುವ ಜಾಗ, ಸರ್ವರ್ ಇತ್ಯಾದಿ. ಪ್ರೋಗ್ರಾಮಿಂಗ್ ನನಗೆ ಬರುವುದಿಲ್ಲ. ಠಾಣೆಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಫಾರಂ ತುಂಬುವುದು, ಬಿಲ್ ಓದುವುದು, ಸಹಿ ಹಾಕುವ ಮುಂಚೆ ಷರತ್ತು ನೋಡುವುದು, ಇಷ್ಟು ಗೊತ್ತು. ಖಾತೆ ತೆರೆಯುವಾಗ ಕೆಲಸಕ್ಕೆ ಬಂದದ್ದೂ ಇಷ್ಟೇ.

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಹಳೆಯ ದಾಖಲೆ ಬಹಳ ಇದೆ. ನಾಡಹಬ್ಬದ ಫೋಟೋಗಳು, ನಾಟಕದ ಕರಪತ್ರಗಳು, ಸ್ಮರಣ ಸಂಚಿಕೆಗಳು, ಊರಿಂದ ಮೇಳ ಬಂದಾಗ ರೆಕಾರ್ಡ್ ಮಾಡಿದ ಯಕ್ಷಗಾನದ ಕ್ಯಾಸೆಟ್‌ಗಳು. 2005ರ ಜುಲೈ 26ರ ಮಳೆಯಲ್ಲಿ ನೆಲಮಹಡಿಯ ಟ್ರಂಕಿಗೆ ನೀರು ನುಗ್ಗಿ ಎಷ್ಟೋ ಹಾಳಾಯಿತು. ಉಳಿದದ್ದನ್ನು ಈಚೆಗೆ ಸ್ಕ್ಯಾನ್ ಮಾಡಿಸಿ ಒಂದು ಹಾರ್ಡ್ ಡಿಸ್ಕಿಗೆ ಹಾಕಿದೆವು. ಸುಮಾರು 40 ಜಿಬಿ ಆಯಿತು. ಆ ಡಿಸ್ಕ್ ಈಗ ಕಾರ್ಯದರ್ಶಿ ಶೆಟ್ರ ಮನೆಯ ಕಪಾಟಿನಲ್ಲಿದೆ. ಅದೂ ನೆಲಮಹಡಿಯೇ! ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು ಅಂತ ಸಮಿತಿಯಲ್ಲಿ ಮಾತಾಯಿತು. ಕೆಲಸ ನನ್ನ ತಲೆಗೆ ಬಂತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸುಮ್ನೆ ಫೋಟೋ ಇಡುವುದಷ್ಟೇ ಆದರೆ ಗೂಗಲ್ ಡ್ರೈವ್ ಸಾಕು. 15 ಜಿಬಿ ಉಚಿತ, ದುಡ್ಡು ಕೊಟ್ಟರೆ ಇನ್ನೂ ಜಾಸ್ತಿ ಜಾಗ. ನಾವು ಕ್ಲೌಡ್ ಕಡೆ ಹೋಗಲು ಎರಡು ಕಾರಣ. ಮುಂದೆ ಇದೇ ಫೋಟೋಗಳಿಂದ ಸಂಘಕ್ಕೊಂದು ವೆಬ್‌ಸೈಟ್ ಮಾಡುವ ಆಸೆ ಇತ್ತು. ಇನ್ನೊಂದು, ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳ ಹಟ. "ಚಿಕ್ಕಪ್ಪ, ಡ್ರೈವ್‌ನಲ್ಲಿ ಇಟ್ರೆ ನಾನೇನು ಕಲಿಯೋದು?" ಅಂದಳು.

ಅವಳಿಗೆ ಬೇಕಾದ ಖಾತೆ ಸುಲಭವಾಗಿ ಸಿಕ್ಕಿತು. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿ ವಿದ್ಯಾರ್ಥಿಗಳಿಗೆ ಬೇರೆಯೇ ಯೋಜನೆ ಇದೆ. ಕಾಲೇಜಿನ ಇಮೇಲ್ ಇದ್ದರೆ ಸಾಕು, ಕಾರ್ಡ್ ಕೇಳುವುದಿಲ್ಲ, 100 ಡಾಲರ್ ಬಳಸಲು ಕೊಡುತ್ತಾರೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಶುರು ನನಗೆ ಕಾಣಲಿಲ್ಲ. ಅಜೂರ್‌ನ 'ಸೆಂಟ್ರಲ್ ಇಂಡಿಯಾ' ಕೇಂದ್ರ ಇರುವುದು ಪುಣೆಯಲ್ಲೇ, ಹಾಗಾಗಿ ಅವಳಿಗೆ ಇನ್ನಷ್ಟು ಖುಷಿ.

ನಮ್ಮಂಥವರಿಗೆ ಸಾಮಾನ್ಯವಾಗಿ ಕಾರ್ಡ್ ಬೇಕು. ಗೂಗಲ್ ಕ್ಲೌಡ್ 90 ದಿನಕ್ಕೆ 300 ಡಾಲರ್ ಕೊಡುತ್ತದೆ. ಅಜೂರ್‌ನ ಸಾಮಾನ್ಯ ಖಾತೆಗೆ 30 ದಿನಕ್ಕೆ 200 ಡಾಲರ್. ಒರಾಕಲ್‌ನಲ್ಲಿ ಕೆಲವು ಸೌಲಭ್ಯ ಕಾಯಂ ಉಚಿತ, ಆದರೆ ಸೇರುವಾಗ ಆರಿಸಿದ ಹೋಮ್ ರೀಜನ್, ಅಂದರೆ ಖಾತೆಯ ಮೂಲ ಕೇಂದ್ರ ಇರುವ ಊರು, ಆಮೇಲೆ ಬದಲಿಸಲು ಬರುವುದಿಲ್ಲ. ನಾನು ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್ ಆರಿಸಿಕೊಂಡೆ. ಕಾರಣ ದೊಡ್ಡದೇನಲ್ಲ. ಕಚೇರಿಯ ಐಟಿ ಹುಡುಗರಿಗೆ ಅದು ಗೊತ್ತು, ಅಡಚಣೆ ಬಂದರೆ ಊಟದ ಹೊತ್ತಿನಲ್ಲಿ ಕೇಳಬಹುದು.

ಇಲ್ಲಿ ಒಂದು ಎಚ್ಚರ. ಯೂಟ್ಯೂಬ್‌ನ ಹಳೆಯ ವಿಡಿಯೋಗಳಲ್ಲಿ 'ಒಂದು ವರ್ಷ ಉಚಿತ, ತಿಂಗಳಿಗೆ 750 ಗಂಟೆ ಸರ್ವರ್' ಅಂತ ಹೇಳುತ್ತಾರೆ. 2025ರ ಜುಲೈ 15ರಿಂದ ಹೊಸ ಖಾತೆಗಳಿಗೆ ಆ ಲೆಕ್ಕ ಇಲ್ಲ. ಈಗ ಸೇರಿದ ಕೂಡಲೇ 100 ಡಾಲರ್ ಕ್ರೆಡಿಟ್ ಸಿಗುತ್ತದೆ, ಕೈಗೆ ಬರುವ ದುಡ್ಡಲ್ಲ, ಬಿಲ್ಲಿನಲ್ಲಿ ವಜಾ ಆಗುವ ಮೊತ್ತ. ಅವರು ಹೇಳಿದ ಕೆಲವು ಅಭ್ಯಾಸ ಮಾಡಿದರೆ ಇನ್ನೂ 100 ಡಾಲರ್‌ವರೆಗೆ ಗಳಿಸಬಹುದು. ಸೇರುವಾಗಲೇ ಫ್ರೀ ಪ್ಲಾನ್ ಬೇಕೋ ಪೇಯ್ಡ್ ಪ್ಲಾನ್ ಬೇಕೋ ಅಂತ ಕೇಳುತ್ತಾರೆ. ಫ್ರೀ ಪ್ಲಾನ್ ಆರು ತಿಂಗಳು, ಅಥವಾ ಕ್ರೆಡಿಟ್ ತೀರುವ ತನಕ, ಯಾವುದು ಮೊದಲೋ ಅದು. ಅಷ್ಟರ ತನಕ ಕಾರ್ಡಿನಿಂದ ಬಿಲ್ ಹೋಗುವುದಿಲ್ಲ. ಕಲಿಯುವವರು ಕಣ್ಣುಮುಚ್ಚಿ ಇದನ್ನೇ ಆರಿಸಬಹುದು. ಮುಗಿದ ಮೇಲೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ, ನಮಗೆ ಮುಖ್ಯವಾದದ್ದು ಅದೇ.

ಫಾರಂನ ಮೊದಲ ಸಾಲು ಇಮೇಲ್. ಅಲ್ಲಿ ಕೊಟ್ಟ ಇಮೇಲ್ ಖಾತೆಯ ಯಜಮಾನ, 'ರೂಟ್ ಯೂಸರ್'. ಹಾಗಾಗಿ ನನ್ನ ಸ್ವಂತ ಇಮೇಲ್ ಕೊಡಲಿಲ್ಲ. ಸಂಘದ ಹೆಸರಿನಲ್ಲಿ ಹೊಸದೊಂದು ಮಾಡಿ, ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಶೆಟ್ರಿಗೆ ಕೊಟ್ಟೆ. ಸಮಿತಿ ಬದಲಾಗುತ್ತದೆ, ನಾನೂ ನಾಳೆ ಊರಿಗೆ ಹೋಗಿ ನೆಲೆಸಬಹುದು.

ಆಮೇಲೆ ಹೆಸರು. ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆ ಈ ಕಷ್ಟ ಹೇಳಬೇಕಾಗಿಯೇ ಇಲ್ಲ. ಇಲ್ಲಿನ ಪ್ರತಿ ಫಾರಂಗೂ ಒಂದು ಆಡನಾವ, ಅಂದರೆ ಮನೆತನದ ಹೆಸರು ಬೇಕು, ನಮಗೋ ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್. ಬ್ಯಾಂಕ್ ಕಾರ್ಡಿನಲ್ಲಿ ಒಂದು ಥರ, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಇನ್ನೊಂದು ಥರ. ನಾನು ಪ್ಯಾನ್‌ನಲ್ಲಿ ಇದ್ದಂತೆಯೇ ಬರೆದೆ. ಮುಂದೆ ಪ್ಯಾನ್ ಕೇಳುತ್ತಾರೆ, ಬಿಲ್ ಬರುವುದೂ ಆ ಹೆಸರಿಗೇ. ವಿಳಾಸಕ್ಕೂ ಅಷ್ಟೇ ನಿಗಾ ಬೇಕು. ನಮ್ಮಲ್ಲಿ ಬಾಯಿಮಾತಿಗೆ ಎಲ್ಲರೂ ಮುಂಬಯಿಯವರೇ, ಆದರೆ ಡೊಂಬಿವಲಿ ಠಾಣೆ ಜಿಲ್ಲೆ, ಪಿನ್ ಶುರುವಾಗುವುದು 421ರಿಂದ. ಬ್ಯಾಂಕಿನಲ್ಲಿರುವ ವಿಳಾಸವನ್ನೇ ನೋಡಿ ಬರೆಯಿರಿ.

ಖಾತೆ ಯಾಕೆ ಬೇಕು ಅಂತಲೂ ಕೇಳುತ್ತಾರೆ, ಗುರುತಿನ ವಿವರವೂ ಬೇಕು. ಹೆದರುವಂಥದ್ದೇನಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಕ್ಲೌಡ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಉದ್ದೇಶ ಎಲ್ಲ ದಾಖಲಿಸಿ ಐದು ವರ್ಷ ಇಟ್ಟುಕೊಳ್ಳಬೇಕು.

ಹೆಚ್ಚಿನವರು ಸಿಕ್ಕಿಬೀಳುವುದು ಕಾರ್ಡಿನ ಪುಟದಲ್ಲಿ. ಡೆಬಿಟ್ ಕಾರ್ಡೂ ನಡೆಯುತ್ತದೆ. ಪರೀಕ್ಷೆಗೆ ಅಂತ 2 ರೂಪಾಯಿ ಹಿಡಿದು, ಆಮೇಲೆ ವಾಪಸ್ ಕೊಡುತ್ತಾರೆ. ಬ್ಯಾಂಕಿನ ಪುಟ ತೆರೆದು ಓಟಿಪಿ ಹಾಕಬೇಕು. ನನ್ನ ಕಾರ್ಡನ್ನು ಬ್ಯಾಂಕ್ ತಿರಸ್ಕರಿಸಿತು. ಸಹಾಯವಾಣಿಯವರು "ನಮ್ಮ ಕಡೆ ಎಲ್ಲ ಸರಿ ಇದೆ ಸರ್" ಅನ್ನುತ್ತಲೇ ಇದ್ದರು. ಕಾರಣ ಆಮೇಲೆ ಬ್ಯಾಂಕಿನ ಆ್ಯಪ್‌ನಲ್ಲೇ ಸಿಕ್ಕಿತು. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಮೆಷಿನ್‌ಗೆ ಮಾತ್ರ ಚಾಲೂ ಇರುತ್ತವೆ. ಆನ್‌ಲೈನ್ ವ್ಯವಹಾರವನ್ನು ನಾವೇ ಆನ್ ಮಾಡಬೇಕು. ನನ್ನದು ಹೊಸದಾಗಿ ಬಂದ ಕಾರ್ಡ್. ಆ್ಯಪ್‌ನಲ್ಲಿ ಗುಂಡಿ ಜರುಗಿಸಿದೆ, ಸಣ್ಣದೊಂದು ಮಿತಿ ಹಾಕಿದೆ, ಮತ್ತೆ ಪ್ರಯತ್ನಿಸಿದೆ. ಕೂಡಲೇ ಓಟಿಪಿ ಬಂತು.

ಕಾರ್ಡಿಗೆ ಮಿತಿ ಹಾಕಿದರೆ ಬಿಲ್ಲಿಗೂ ಮಿತಿ ಬಿತ್ತು ಅಂತ ತಿಳಿಯಬೇಡಿ. ಪೇಯ್ಡ್ ಪ್ಲಾನ್ ಅಂದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇದ್ದ ಹಾಗೆ. ತಿಂಗಳಿಡೀ ಸಾಮಾನು ತರುತ್ತೀರಿ, ಕೊನೆಗೆ ಲೆಕ್ಕ. ಜೇಬಿನಲ್ಲಿ ದುಡ್ಡಿಲ್ಲ ಅಂದರೆ ಬಾಕಿ ಬರೆದಿರುತ್ತದೆ, ಅಳಿಸುವುದಿಲ್ಲ. ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಮೊತ್ತ 15,000 ರೂಪಾಯಿ ದಾಟಿದರೆ ಪ್ರತಿ ಸಲ ಓಟಿಪಿ ಬೇಕು, ಅದು ರಿಸರ್ವ್ ಬ್ಯಾಂಕಿನ ನಿಯಮ. ನಮ್ಮ ಸಂಘಕ್ಕೆ ಆ ಭಾಗ್ಯ ಬರುವುದು ಬೇಡ.

ಉಳಿದದ್ದು ಸಲೀಸು. ಫೋನಿಗೆ ಒಂದು ಕೋಡ್ ಬರುತ್ತದೆ, ಚಿತ್ರದಲ್ಲಿ ಕಾಣುವ ಸೊಟ್ಟ ಅಕ್ಷರ ಟೈಪ್ ಮಾಡಬೇಕು. ಸಪೋರ್ಟ್ ಪ್ಲಾನ್ ಕೇಳಿದರೆ ಬೇಸಿಕ್, ಅದಕ್ಕೆ ದುಡ್ಡಿಲ್ಲ. ಖಾತೆ ಚಾಲೂ ಆಗಲು ಕೆಲವೊಮ್ಮೆ ಒಂದು ದಿನ ಹಿಡಿಯಬಹುದು. ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಮಾಡುವ ಕೆಲಸವಲ್ಲ ಇದು. ಭಾನುವಾರ ಬೆಳಿಗ್ಗೆ ಕಾರ್ಡ್, ಪ್ಯಾನ್, ಫೋನ್ ಮುಂದಿಟ್ಟುಕೊಂಡು ಕೂತರೆ ಆಗುತ್ತದೆ.

ಒಳಗೆ ಹೋದ ಮೇಲೆ ಕಣ್ಣಿಗೆ ಬೀಳುವ ನೂರಾರು ಸೇವೆಗಳನ್ನು ಮುಟ್ಟಬೇಡಿ. ಮೊದಲು ಬೀಗ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವ ಈ ಬೀಗಕ್ಕೆ ಎಂಎಫ್‌ಎ ಅಂತ ಕರೆಯುತ್ತಾರೆ, ರೂಟ್ ಯೂಸರ್‌ಗೆ ಈಗ ಇದು ಕಡ್ಡಾಯ. ಫೋನಿನಲ್ಲಿ ಅಥೆಂಟಿಕೇಟರ್ ಆ್ಯಪ್ ಹಾಕಿ, ಪರದೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆರಂಕಿಯ ಸಂಖ್ಯೆ ಕಾಣುತ್ತದೆ. ಪುಟದಲ್ಲಿ ಎರಡು ಖಾನೆ ಇರುತ್ತವೆ. ಎರಡಕ್ಕೂ ಒಂದೇ ಸಂಖ್ಯೆ ಹಾಕಿದರೆ ಒಪ್ಪುವುದಿಲ್ಲ. ಮೊದಲನೆಯದು ಹಾಕಿ, ಅರ್ಧ ನಿಮಿಷ ಕಾದು, ಸಂಖ್ಯೆ ಬದಲಾದ ಮೇಲೆ ಎರಡನೆಯದು ಹಾಕಬೇಕು. ಒಂದೇ ಖಾತೆಗೆ ಎಂಟು ಸಾಧನದ ತನಕ ಸೇರಿಸಬಹುದು, ಹಾಗಾಗಿ ಶೆಟ್ರ ಫೋನನ್ನೂ ಸೇರಿಸಿದೆ.

"ಇದೆಂತ ಮಾರಾಯಾ, ನಂಬರ್ ಓಡ್ತಾ ಉಂಟು?" ಅಂದರು ಶೆಟ್ರು.

"ಓಡಲಿ ಶೆಟ್ರೇ, ನೀವು ಆ್ಯಪ್ ಮಾತ್ರ ಡಿಲೀಟ್ ಮಾಡ್ಬೇಡಿ."

"ಫೋನೇ ಹಾಳಾದ್ರೆ?"

ಅದಕ್ಕೇ ಅಲ್ವಾ ಎರಡು ಫೋನ್. ಆಮೇಲೆ ದಿನದ ಕೆಲಸಕ್ಕೆ ಐಎಎಂ ಅನ್ನುವ, ಯೂಸರ್‌ಗಳನ್ನು ಸೇರಿಸುವ ವಿಭಾಗದಲ್ಲಿ ಬೇರೆ ಯೂಸರ್ ಮಾಡಿ, ರೂಟ್‌ನಿಂದ ಹೊರಗೆ ಬಂದೆ.

ಎರಡನೆಯದು ಬಜೆಟ್. ಬಿಲ್ಲಿಂಗ್ ಪುಟದಲ್ಲಿ ಬಜೆಟ್ಸ್ ಅಂತ ಇದೆ. ಅದರಲ್ಲಿ 'ಝೀರೋ ಸ್ಪೆಂಡ್' ಅನ್ನುವ ಸಿದ್ಧ ನಮೂನೆ ಆರಿಸಿದರೆ ಖರ್ಚು ಒಂದು ಸೆಂಟ್ ದಾಟಿದ ಕೂಡಲೇ ಇಮೇಲ್ ಬರುತ್ತದೆ. ಬಜೆಟ್ ಮಾಡಿದ್ದಕ್ಕೆ 20 ಡಾಲರ್ ಕ್ರೆಡಿಟ್ಟೂ ಸಿಕ್ಕಿತು. ಲೆಕ್ಕದವನಿಗೆ ಲೆಕ್ಕ ಇಟ್ಟಿದ್ದಕ್ಕೆ ಬಹುಮಾನ! ಆದರೆ ಇದು ಗಂಟೆ ಹೊಡೆಯುತ್ತದೆ, ನಲ್ಲಿ ನಿಲ್ಲಿಸುವುದಿಲ್ಲ. ಅಂಕಿಗಳು ದಿನಕ್ಕೆ ಹೆಚ್ಚೆಂದರೆ ಮೂರು ಸಲ ಹೊಸದಾಗುತ್ತವೆ, ಅಂದರೆ ಇಮೇಲ್ ಬರುವ ಹೊತ್ತಿಗೆ ಖರ್ಚು ಇನ್ನಷ್ಟು ಓಡಿರಬಹುದು. ಅಣ್ಣನ ಮಗಳು ಕಲಿಯಲು ನಮ್ಮ ಈ ಖಾತೆಯಲ್ಲೂ ಒಂದು ಸರ್ವರ್ ಚಾಲೂ ಮಾಡಿದ್ದಳು. ಕೆಲಸ ಮುಗಿದ ಮೇಲೆ 'ಸ್ಟಾಪ್' ಅಲ್ಲ, 'ಟರ್ಮಿನೇಟ್' ಮಾಡು ಅಂತ ಹೇಳಿದೆ. ಸ್ಟಾಪ್ ಮಾಡಿದರೆ ಸರ್ವರ್‌ನ ಮೀಟರ್ ನಿಲ್ಲುತ್ತದೆ, ಅದರ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ.

ಮೂರನೆಯದು ಜಾಗ. ಪರದೆಯ ಬಲ ಮೇಲ್ತುದಿಯಲ್ಲಿ ರೀಜನ್, ಅಂದರೆ ಅವರ ಕೇಂದ್ರ ಇರುವ ಜಾಗದ ಹೆಸರು ಇರುತ್ತದೆ. ಅಲ್ಲಿ ಅಮೆರಿಕದ ಯಾವುದೋ ಊರು ಇದ್ದರೆ ಬದಲಿಸಿ ಮುಂಬಯಿ ಮಾಡಿಕೊಳ್ಳಿ. ಎಡಬ್ಲ್ಯುಎಸ್ ಮುಂಬಯಿಗೆ ಬಂದದ್ದು 2016ರಲ್ಲಿ, ಹೈದರಾಬಾದ್‌ಗೆ 2022ರಲ್ಲಿ. ಒಂದು ರೀಜನ್‌ನಲ್ಲಿ ಮಾಡಿದ ಸರ್ವರ್ ಇನ್ನೊಂದರ ಪುಟದಲ್ಲಿ ಕಾಣುವುದಿಲ್ಲ. ಕಾಣದ ಸರ್ವರ್‌ಗೂ ಬಿಲ್ ಬರುತ್ತದೆ. ಫೋಟೋ ಎಲ್ಲಿರುತ್ತದೆ ಅಂತ ಶೆಟ್ರು ಕೇಳಿದಾಗ ಮುಂಬಯಿಯಲ್ಲೇ ಅಂದೆ. ಮುಂಬಯಿಯಲ್ಲಿ ಎಲ್ಲಿ, ಮತ್ತೆ ಮಳೆ ಬಂದರೆ ಅನ್ನುವುದು ಅವರ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಈ ರೀಜನ್‌ನಲ್ಲಿ ಒಂದಕ್ಕೊಂದು ದೂರವಿರುವ ಮೂರು ಝೋನ್‌ಗಳಿವೆ, ಅಂದರೆ ಬೇರೆ ಬೇರೆ ಡೇಟಾ ಕೇಂದ್ರಗಳ ಗುಂಪುಗಳು. ಕಡತ ಇಡುವ ಸೇವೆಗೆ ಎಸ್3 ಅನ್ನುತ್ತಾರೆ. ಅದರ ಸ್ಟ್ಯಾಂಡರ್ಡ್ ವರ್ಗದಲ್ಲಿ ಇಟ್ಟ ಕಡತದ ಪ್ರತಿಗಳು ಕಡಿಮೆಯೆಂದರೂ ಮೂರು ಝೋನ್‌ಗಳಲ್ಲಿ ಇರುತ್ತವೆ.

ಎಸ್3ಯಲ್ಲಿ ಕಡತ ಇಡಲು ಮಾಡುವ ಡಬ್ಬಿಗೆ ಬಕೆಟ್ ಅನ್ನುತ್ತಾರೆ. ಬಕೆಟ್ಟಿನ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಬರೆಯಬೇಕು, ಪ್ರಪಂಚದಲ್ಲಿ ಬೇರೆ ಯಾರೂ ಆ ಹೆಸರು ಇಟ್ಟಿರಬಾರದು. ಚಂದದ ಹೆಸರುಗಳೆಲ್ಲ ಹೋಗಿಬಿಟ್ಟಿರುತ್ತವೆ. ನಾವು ಕೊನೆಗೆ ಪಿನ್ ಕೋಡ್ ಸೇರಿಸಿಕೊಂಡೆವು. 'ಬ್ಲಾಕ್ ಆಲ್ ಪಬ್ಲಿಕ್ ಆಕ್ಸೆಸ್' ಅನ್ನುವುದಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ, ಅದನ್ನು ತೆಗೆಯಬೇಡಿ. ಮುಂಬಯಿಯಲ್ಲಿ ಎಸ್3 ಸ್ಟ್ಯಾಂಡರ್ಡ್ ದರ ಒಂದು ಜಿಬಿಗೆ ತಿಂಗಳಿಗೆ 0.025 ಡಾಲರ್. 40 ಜಿಬಿಗೆ ಒಂದು ಡಾಲರ್ ಆಯಿತು. ಬೆಲೆಪಟ್ಟಿ ಡಾಲರ್‌ನಲ್ಲಿ, ಮೇಲೆ 18% ಜಿಎಸ್‌ಟಿ. ಎಲ್ಲ ಸೇರಿ ತಿಂಗಳಿಗೆ ನೂರು ರೂಪಾಯಿಯ ಆಚೀಚೆ. ಒಳಗೆ ಹಾಕುವಾಗ ಡೇಟಾಗೆ ದುಡ್ಡಿಲ್ಲ. ಹೊರಗೆ ತೆಗೆಯುವಾಗ ತಿಂಗಳಿಗೆ ಮೊದಲ 100 ಜಿಬಿ ಉಚಿತ, ಅದು ನಮಗೆ ಧಾರಾಳ.

ಇನ್ನು ಫ್ರೀ ಪ್ಲಾನ್ ಮುಗಿದ ಮೇಲಿನ ಕಥೆ. ಆರು ತಿಂಗಳಾದರೆ ಅಥವಾ ಕ್ರೆಡಿಟ್ ತೀರಿದರೆ ಖಾತೆ ತಾನಾಗಿಯೇ ಮುಚ್ಚುತ್ತದೆ. ಆಮೇಲೆ 90 ದಿನ ಡೇಟಾ ಇಟ್ಟುಕೊಂಡಿರುತ್ತಾರೆ, ಅಷ್ಟರೊಳಗೆ ಪೇಯ್ಡ್ ಪ್ಲಾನ್‌ಗೆ ಬದಲಿಸದಿದ್ದರೆ ಅಳಿಸುತ್ತಾರೆ. ಕಲಿಯುವವರಿಗೆ ಇದು ವರದಾನ, ಮರೆತರೂ ಬಿಲ್ ಇಲ್ಲ. ಫೋಟೋ ಕಾಪಾಡಬೇಕಾದ ನಮ್ಮಂಥವರಿಗೆ ತದ್ವಿರುದ್ಧ. ಅದಕ್ಕೇ ಎಲ್ಲ ಅಪ್‌ಲೋಡ್ ಮುಗಿದು, ಬಜೆಟ್ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ಕಾಯದೆ ಪೇಯ್ಡ್‌ಗೆ ಬದಲಿಸಿದೆ. ಉಳಿದ ಕ್ರೆಡಿಟ್ ಹಾಳಾಗುವುದಿಲ್ಲ, ಖಾತೆ ತೆರೆದು 12 ತಿಂಗಳಾಗುವ ತನಕ ಬಿಲ್ಲಿಗೆ ವಜಾ ಆಗುತ್ತದೆ.

ಒಂದು ತೊಡಕು ಮಾತ್ರ ಸಂಘದ್ದೇ. ಕಾರ್ಡೂ ಪ್ಯಾನೂ ನನ್ನದು, ಹಾಗಾಗಿ ಬಿಲ್ ನನ್ನ ಹೆಸರಿಗೆ. ದುಡ್ಡು ಸಂಘ ಕೊಡಬೇಕು. ಆಡಿಟರ್ ಸುಮ್ಮನಿರುತ್ತಾರಾ? ಸಮಿತಿಯಲ್ಲಿ ಒಂದು ಠರಾವು ಬರೆಸಿದೆವು. ಖಾತೆ ಸಂಘದ ಕೆಲಸಕ್ಕೆ, ಖರ್ಚಿನ ಇನ್‌ವಾಯ್ಸ್ ತೋರಿಸಿದರೆ ಖಜಾಂಚಿ ಮರುಪಾವತಿ ಮಾಡುವುದು, ನಾನು ಬಿಟ್ಟುಹೋದರೆ ಕಾರ್ಡ್ ಮತ್ತು ಪ್ಯಾನ್ ವಿವರ ಬದಲಿಸುವುದು. ಖಾತೆಯ 12 ಅಂಕಿಯ ನಂಬರನ್ನೂ ಅದರಲ್ಲೇ ಬರೆಸಿದೆ. ಯಾವ ಹೆಡ್ಡಿಗೆ ಹಾಕೋದು ಅಂತ ಖಜಾಂಚಿ ಕೇಳಿದರು. ಕಪಾಟಿನ ಬಾಡಿಗೆ ಅಂತಲೇ ಹಾಕಿ ಅಂದೆ. ಹಾಕಿದ್ದಾರೆ.